ಸೆರಗಿನ ಮರೆಯ ಮಾತು

ಕುಕ್ಕರಿನ ಮುಚ್ಚಳ ಕೈಜಾರಿ ಠಣ್ಣೆಂದು ಬಿದ್ದದ್ದೇ ತಡ, ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದ ದೀಕ್ಷಿತಾ ಬೆಚ್ಚಿ ತಿರುಗಿ ನೋಡಿದಳು! ಕುಸುಮಮ್ಮನ ಎದೆ ಧಸಕ್ಕೆಂದಿತು. ಅಯ್ಯೋ ದೇವರೇ... ಸೊಸೆಗೆ ಕೇಳಿಸುತ್ತಿದೆ!

ಸಂತೋಷಪಡಬೇಕಾದ ಗಳಿಗೆ ಅದು. ಹನ್ನೆರಡನೇ ವಯಸ್ಸಿಗೆ ಜ್ವರ ಬಂದು ಎರಡೂ ಕಿವಿ ಕಳೆದುಕೊಂಡ ಹುಡುಗಿ. ಈಗ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿ, ಕಿವಿಯ ಹಿಂದೆ ಅದರ ಯಂತ್ರ ಸಿಕ್ಕಿಸಿ ಚಾಲೂ ಮಾಡಿ ಮೂರು ವಾರವಾಗಿತ್ತು. ಎಷ್ಟು ಕೇಳಿಸುತ್ತದೆ, ಏನೇನು ಕೇಳಿಸುತ್ತದೆ ಎಂಬ ಆತಂಕದಲ್ಲಿ ಕುಸುಮಮ್ಮನಿಗೆ ಊಟವೂ ಸೇರುತ್ತಿರಲಿಲ್ಲ. ಯಾಕೆಂದರೆ ಈ ಮಹಾತಾಯಿಗೆ ಒಂದು ಅಭ್ಯಾಸವಿತ್ತು. ಕೆಲಸ ಹೇಳುವಾಗ ತುಟಿ ಬಿಡಿಸಿ ನಿಧಾನವಾಗಿ ಹೇಳುವರು, ಬೈಯುವಾಗ ಮಾತ್ರ ಸೊಸೆಯ ಎದುರಿಗೇ ನಿಂತು ಸರಸರನೆ, "ನನ್ನ ಮಗನ ಹಣೆಬರಹ... ಈ ಕಿವುಡಿಯೇ ಸಿಗ್ಬೇಕಿತ್ತಾ!" ಎನ್ನುವರು. ಅಷ್ಟು ಬೇಗ ಆಡಿದ್ದನ್ನು ತುಟಿ ನೋಡಿ ಯಾರು ತಿಳಿದಾರು ಎಂಬ ಧೈರ್ಯ! ಈಗ ಬಾಯಿಗೆ ಬೀಗ. ನಿಗಡಿ ಬಡಾವಣೆಯ ಆ ಮನೆಯಲ್ಲಿ ಹಾಲಿನವನಿಗೂ ಕೈಸನ್ನೆಯೇ ಗತಿಯಾಗಿತ್ತು.

ಆ ಸಂಜೆ ಮಗ ಸುಖೇಶ್ ಹೆಂಡತಿಯನ್ನು ಪೇಟೆಯ ಕ್ಯಾಂಪ್ ಭಾಗದ ಕಿವಿಯ ಕ್ಲಿನಿಕ್ಕಿನಿಂದ ಕರೆತಂದವನು ಚಪ್ಪಲಿ ಕಳಚುವ ಮೊದಲೇ ಸಿಡಿದ.

"ಅಮ್ಮ, ಕ್ಲಿನಿಕ್ಕಿನ ಸ್ನೇಹಲ್ ಮೇಡಂ ಎಂತ ಹೇಳಿದ್ರು ಗೊತ್ತುಂಟಾ? ಇವಳಿಗೆ ಶಬ್ದ ಬರ್ತದೆ, ಮಾತು ತಿಳಿಯುದಿಲ್ಲ. ಮನೆಯವರು ದಿನಾ ತುಟಿ ಕಾಣದ ಹಾಗೆ ಬಾಯಿಗೆ ಮರೆ ಹಿಡಿದು ಮಾತಾಡ್ಬೇಕು, ಇವಳು ಕೇಳಿ ತಿರುಗಿ ಹೇಳ್ಬೇಕು. ಇಲ್ಲದಿದ್ರೆ ಎಲ್ಲ ಬರೀ ಗಲಾಟೆಯಾಗಿಯೇ ಉಳೀತದಂತೆ! ನಾನು ಇಡೀ ದಿನ ಹೋಟೆಲಲ್ಲಿ. ಮನೆಯಲ್ಲಿರುದು ನೀನೊಬ್ಳೇ... ಇವಳಿಗೆ ಕಿವಿ ಬರುದೇ ಬೇಡವಾ ನಿಂಗೆ?"

ಆ ಮಾತು ಕುಸುಮಮ್ಮನ ಕರುಳಿಗೇ ನಾಟಿತು.

ಮರುದಿನ ಮಧ್ಯಾಹ್ನ ಸೊಸೆಯನ್ನು ಎದುರು ಕೂರಿಸಿಕೊಂಡು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಇವತ್ತು ಸೋಮವಾರ."

"ಇವತ್ತು... ಸೋಮವಾರ!"

ಅತ್ತೆಯ ಕಣ್ಣರಳಿತು. ಸೆರಗು ಸರಿಸಿ ಮಗುವಿನಂತೆ ಕೇಳಿದರು. "ಹೇಗೆ ಕೇಳ್ತದೆ ಮಾರಾಯ್ತಿ?"

"ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ." ದೀಕ್ಷಿತಾ ನಕ್ಕಳು. "ನಿಮ್ಮ ಸ್ವರ ದೊಡ್ಡದಿರ್ಬಹುದು ಅಂದ್ಕೊಂಡಿದ್ದೆ ಅತ್ತೆ. ಬೈಯುವಾಗ ಬಾಯಿ ಅಷ್ಟು ಅಗಲ ಆಗ್ತದಲ್ಲ..."

"ಬೈಯುವಾಗ...?"

"ಐದು ವರ್ಷದಿಂದ ನೋಡ್ತಾ ಇದ್ದೇನೆ. ಬೇಗ ಹೇಳಿದ್ರೂ ತಿಳೀತದೆ ಅತ್ತೆ. ದಿನಾ ಅದೇ ಮಾತಲ್ವಾ?"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಕುಸುಮಮ್ಮನಿಗೆ. ಐದು ವರ್ಷ! ಎಲ್ಲ ತಿಳಿದೂ ತನಗೆ ಊಟ ಬಡಿಸಿದಳಲ್ಲ, ಕಾಲುನೋವಿಗೆ ಎಣ್ಣೆ ತಿಕ್ಕಿದಳಲ್ಲ ಈ ಹುಡುಗಿ! ಮುಖ ತೋರಿಸಲಾರದೆ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು. ಅದರ ಹಿಂದಿನಿಂದ ನಡುಗುವ ದನಿಯೊಂದು ಬಂತು.

"ತಪ್ಪಾಯ್ತು ಮಗಳೇ..."

ದೀಕ್ಷಿತಾ ಕಣ್ಣು ಮುಚ್ಚಿ ಕೇಳಿದಳು. "ತಪ್ಪಾಯ್ತು..." ಎಂದಷ್ಟೇ ತಿರುಗಿ ಹೇಳಿ ಕಣ್ಣು ತೆರೆದಳು. "ಅದರ ಮುಂದಿನ ಶಬ್ದ ನಿಮ್ಮ ತುಟಿಯಲ್ಲಿ ನಾನು ಯಾವತ್ತೂ ನೋಡಿದ್ದಿಲ್ಲ ಅತ್ತೆ... ಇನ್ನೊಮ್ಮೆ ಹೇಳಿ."

ಕುಸುಮಮ್ಮ ಸೆರಗನ್ನು ಕೆಳಗಿಳಿಸಿದರು. ಮುಖ ತೋರಿಸಿಯೇ, ನಿಧಾನವಾಗಿ, ಇನ್ನೊಮ್ಮೆ ಹೇಳಿದರು, "ಮಗಳೇ..."