ಭಾವ ಅಳಿಸದ ವಿಡಿಯೋ

ಕತ್ತಿನ ಹಿಂದೆ ತಣ್ಣನೆಯ ಕಬ್ಬಿಣ!

"ಮೌಸ್ ಬಿಡು! ಕೈ ಮೇಲೆತ್ತು!"

ಬಿಟ್ಟೆ. ರಾಡ್ ಹಿಡಿದು ನಿಂತವನು ಲಾರಿ ಕಂಪನಿ ಮಾಲೀಕನ ಭಾವಮೈದ. ಊಟದ ಹೊತ್ತು, ಆಫೀಸು ಖಾಲಿ ಎಂದುಕೊಂಡು ಮಾಲೀಕನ ಕಂಪ್ಯೂಟರ್ ಮುಂದೆ ಕೂತಿದ್ದೆ. ನನ್ನ ಕಸುಬು ಪತ್ತೇದಾರಿ. ಆದರೆ ಈ ಕೇಸು ಬೇರೆ ಯಾರದೋ ಅಲ್ಲ... ಜೈಲಿನಲ್ಲಿರುವುದು ನನ್ನ ಸ್ವಂತ ತಮ್ಮ!

ಲಾರಿ ಹರಿಸಿ ಮುದುಕಿಯೊಬ್ಬಳನ್ನು ಕೊಂದವನು ಈ ಭಾವಮೈದ. ಅದನ್ನು ಪಕ್ಕದ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಆ ಲಾರಿಯ ಡ್ರೈವರ್, ನನ್ನ ತಮ್ಮನ ತಲೆಗೆ ಕಟ್ಟಿದರು. ಕ್ಯಾಬಿನ್ ಕ್ಯಾಮೆರಾ ಕೆಟ್ಟಿತ್ತೆಂದು ಮಾಲೀಕ ಪೊಲೀಸರಿಗೆ ಹೇಳಿದ. ಅಮ್ಮ ಅವತ್ತಿನಿಂದ ತಲೆ ಎತ್ತಿ ಬೀದಿಗೆ ಬಂದಿಲ್ಲ. ನನ್ನ ಹೊಟ್ಟೆಯ ಬೆಂಕಿಯೂ ಆರಿಲ್ಲ.

"ಏನ್ ಹುಡುಕ್ತಿದೀಯ?"

"ನಿನ್ನನ್ನೇ!"

ರಾಡ್ ಭುಜಕ್ಕೆ ಬಿತ್ತು. ಕಣ್ಣು ಕತ್ತಲಿಟ್ಟಿತು... ಮೇಜು ಹಿಡಿದುಕೊಂಡೆ.

"ಆ ವಿಡಿಯೋನಾ? ಭಾವ ಅವತ್ತೇ ಅಳಿಸಿ ಹಾಕಿದ್ರು!"

"ಹಾಗಂತ ನಿನ್ನ ಕಿವಿಗೆ ಹೂ ಇಟ್ಟಿದಾರೆ. ಸ್ಕ್ರೀನ್ ನೋಡು."

ಮಾಲೀಕನ ಜಾಣತನ ಕೇಳಿ! ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್‌ಗೆ ಹೋಗಿ 'ಹಿಡನ್' ಎಂಬಲ್ಲಿ ಒಂದು ಟಿಕ್. ಕಾಣದಿದ್ದರೆ ಇಲ್ಲವೇ ಇಲ್ಲ ಎಂಬ ಭಂಡ ಧೈರ್ಯ. ಆದರೆ ಕಾಣುವ ಫೋಲ್ಡರ್‌ಗಳನ್ನೆಲ್ಲ ಕೂಡಿದರೂ ಡ್ರೈವ್ ಅರ್ಧವೂ ತುಂಬುತ್ತಿರಲಿಲ್ಲ. ಡ್ರೈವೋ ಭರ್ತಿ! 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿದ್ದೆ. ಮಸುಕಾದ ಫೋಲ್ಡರ್ ಒಂದು ಎದ್ದು ಬಂತು. ಹೆಸರು 'ಭಾವಮೈದ'. ಇವನ ಒಂದೊಂದು ಪುಂಡಾಟದ ವಿಡಿಯೋವೂ ಒಳಗಿತ್ತು.

ಅಪಘಾತದ ವಿಡಿಯೋವನ್ನು ಲಾಯರ್‌ಗೆ ಕಳಿಸಲು ಆಗಲೇ ಒತ್ತಿದ್ದೆ. ಅಪ್‌ಲೋಡ್ ಅರ್ಧ ಆಗಿತ್ತು... ಇನ್ನರ್ಧ ಆಗುವವರೆಗೆ ನಾನು ಬದುಕಿರಬೇಕಿತ್ತು!

"ನಂದೊಂದು ಫೋಲ್ಡರ್ ಯಾಕೆ?" ಅವನ ದನಿ ಇಳಿದಿತ್ತು.

"ನಿನ್ನ ಜುಟ್ಟು ಕೈಲಿರಲಿ ಅಂತ. ನೀನು ಬಾಲ ಬಿಚ್ಚಿದ್ರೆ ಪೊಲೀಸರಿಗೆ ಕೊಡೋಕೆ."

ವಿಡಿಯೋ ಹಾಕಿದೆ. ಸ್ಟೀರಿಂಗ್ ಹಿಡಿದ ಅವನದೇ ಮುಖ... ಬ್ರೇಕಿನ ಕಿರುಚಾಟ... ಕಣ್ಣು ಮಿಟುಕಿಸದೆ ಪೂರ್ತಿ ನೋಡಿದ. ಅಷ್ಟರಲ್ಲಿ ಅಪ್‌ಲೋಡ್ ಮುಗಿಯಿತು.

ಬಾಗಿಲು ತೆರೆಯಿತು. ಊಟ ಮುಗಿಸಿದ ಮಾಲೀಕ!

"ಯಾರೋ ಇವನು? ಏನ್ ನೋಡ್ತಿದೀಯ?"

"ಭಾವ... ಇದನ್ನ ಅಳಿಸಿದೆ ಅಂದ್ರಲ್ಲ?"

"ಅದು... ಸುಮ್ನೆ ಇಟ್ಕೊಂಡಿದ್ದೆ ಕಣೋ..."

"ಇದಕ್ಕಾ ನಿಂಗೆ ನಮ್ಮಕ್ಕನ್ನ ಕೊಟ್ಟಿದ್ದು!"

ರಾಡ್ ನನ್ನನ್ನು ಬಿಟ್ಟು ಮಾಲೀಕನ ಕಡೆ ತಿರುಗಿತು. ಅವನು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದ. ಇವನು ಹಿಂದೆಯೇ ಓಡಿದ. ನಿಂತ ಲಾರಿಗಳ ಸುತ್ತ ಇಬ್ಬರದೂ ಮುಟ್ಟಾಟ! ತಡೆಯಬಹುದಿತ್ತು. ನಾನು ತಡೆಯಲಿಲ್ಲ. ಕಿಟಕಿಯಲ್ಲಿ ನಿಂತು ನಿಧಾನವಾಗಿ ಪೊಲೀಸರಿಗೆ ಫೋನ್ ಮಾಡಿದೆ.

ಪೊಲೀಸರು ಬಂದಾಗ ಕೇಳುವ ಕೆಲಸವೇ ಇರಲಿಲ್ಲ.

"ಗಾಡಿ ಓಡಿಸಿದ್ದು ಇವನು ಸಾರ್!"

"ಮುಚ್ಚಿ ಹಾಕಿದ್ದು ಇವನು ಸಾರ್!"

ನನ್ನ ತಮ್ಮ ಬಿಡುಗಡೆಯಾಗಿ ಮನೆಗೆ ಬಂದ. ಅಮ್ಮ ಅವನ ಕೈ ಹಿಡಿದು ಬೀದಿಯುದ್ದಕ್ಕೂ ನಡೆದಳು, ಬೇಕೆಂದೇ.

ಆ ಇಬ್ಬರೂ ಈಗ ಒಳಗಿದ್ದಾರೆ. ಜೈಲಿನ ವಾರ್ಡರ್ ನನ್ನ ಹಳೆಯ ಗೆಳೆಯ. "ದಿನಾ ಹೊಡೆದಾಡ್ತಾರೆ ಮಾರಾಯ, ಬೇರೆ ಬೇರೆ ಸೆಲ್‌ಗೆ ಹಾಕ್ಲಾ?" ಎಂದು ಕೇಳಿದ.

"ಛೇ! ನೆಂಟರು ಕಣಯ್ಯಾ... ಜೊತೆಲೇ ಇರ್ಲಿ!" ಎಂದೆ.