ಬಡೇಲಾಲರ ಪಕ್ಕಾ ಬಣ್ಣ

"ವಿಜಯಾ! ಲಗೂ ಬಾ! ನನ್ನ ಬನಿಯನ್ ನೋಡಿಲ್ಲಿ!"

ಅಪ್ಪ ಅಮ್ಮನನ್ನು ಕೂಗಿದ್ದು ಕೇಳಿ ಎಲ್ಲರೂ ಬಚ್ಚಲುಮನೆಗೆ ಓಡಿದರು. ಅಪ್ಪ ವಾಷಿಂಗ್ ಮಷೀನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲೊಂದು ಗುಲಾಬಿ ಬನಿಯನ್ ಇತ್ತು. ನಿನ್ನೆಯವರೆಗೆ ಅದು ಬೆಳ್ಳಗಿತ್ತು.

ಅಮ್ಮ ಮಷೀನಿಗೆ ಕೈಹಾಕಿ ತನ್ನ ಡಾಕ್ಟರ್ ಕೋಟು ಎಳೆದಳು. ಗುಲಾಬಿ! ಗಗನಾಳ ಶಾಲೆಯ ಅಂಗಿ ಎಳೆದಳು. ಅದೂ ಗುಲಾಬಿ! ಸಾಕ್ಸುಗಳಂತೂ ಬೀಟ್‌ರೂಟ್ ಪಲ್ಯದಲ್ಲಿ ಹೊರಳಾಡಿ ಬಂದ ಹಾಗಿದ್ದವು.

ಎಲ್ಲಕ್ಕಿಂತ ಕೊನೆಗೆ ಕಳ್ಳ ಸಿಕ್ಕಿಬಿದ್ದ. ಅಜ್ಜಿಯ ಹೊಸ ಚಾದರ! ಕೆಂಪು ಚಾದರ, ಅದರ ಮೇಲೆ ಸೊಂಡಿಲೆತ್ತಿದ ಆನೆಗಳು. ಇಷ್ಟೆಲ್ಲ ಬಣ್ಣ ಹಂಚಿದ್ದರೂ ಅದು ಇನ್ನೂ ಕೆಂಪಗೇ ಇತ್ತು. ಪಕ್ಕದ ಮನೆಯವರ ಬಟ್ಟೆಗೂ ಸಾಲುವಷ್ಟು ಬಣ್ಣ ಅದರಲ್ಲಿ ಉಳಿದಿತ್ತು.

"ಹಂಗ ಆಗಾಕ ಸಾಧ್ಯನ ಇಲ್ಲ," ಎಂದಳು ಅಜ್ಜಿ. "ಇದು ಬಡೇಲಾಲನ ಅಂಗಡಿ ಚಾದರ. ಪಕ್ಕಾ ಬಣ್ಣ ಅಂತ ಹೇಳ್ಯಾರ. ಹೌದಿಲ್ಲೋ ತಂಗಿ?"

ಎಲ್ಲರೂ ಗಗನಾಳ ಕಡೆ ತಿರುಗಿದರು. ಗಗನಾ ನಲ್ಲಿಯನ್ನು ನೋಡುತ್ತಿದ್ದಳು. ಅಷ್ಟು ಗಮನ ಕೊಟ್ಟು ಅವಳು ಗಣಿತದ ಪುಸ್ತಕವನ್ನೂ ನೋಡಿರಲಿಲ್ಲ.

"ಹೂಂ," ಎಂದಳು. ಆ ಹೂಂ ಎಷ್ಟು ಸಣ್ಣದಿತ್ತೆಂದರೆ ಪಕ್ಕದಲ್ಲಿದ್ದ ಬಕೆಟ್ಟಿಗೂ ಕೇಳಿಸಿರಲಿಕ್ಕಿಲ್ಲ.

ಈ ಬಡೇಲಾಲ್ ಯಾರು ಎಂದು ನೀವು ಕೇಳಬಹುದು. ಗಗನಾಳ ಮನೆಯಲ್ಲಂತೂ ಯಾರೂ ಕೇಳುವುದಿಲ್ಲ, ಕೇಳಿದರೆ ಅಜ್ಜಿಯ ಕತೆ ಶುರುವಾಗುತ್ತದೆ. ಅಜ್ಜಿಯ ಹೆಸರು ಅನ್ನದಾನಮ್ಮ, ಊರು ಗದಗ. ಅಪ್ಪ ಇನ್ನೂ ಚಿಕ್ಕವರಿದ್ದಾಗ ಅಜ್ಜ ಅಜ್ಜಿ ಕಾಶಿಗೆ ಬಂದು ಮಠದಲ್ಲಿ ಉಳಿದುಕೊಂಡಿದ್ದರು. ಆಗ ಅಜ್ಜ ಬಡೇಲಾಲ್ ಸ್ಟೋರ್ಸಿನಲ್ಲಿ ಒಂದು ಶಾಲು ಕೊಂಡರು. ಮರುದಿನ ಶಾಲಿನ ಅಂಚು ಬಿಚ್ಚಿಕೊಂಡಿತು. ಅಜ್ಜ ಅಂಜುತ್ತ ಅಂಜುತ್ತ ವಾಪಸ್ ಒಯ್ದರು. ಬಡೇಲಾಲರೇ ಎದ್ದು ಬಂದು, ಏನೂ ಕೇಳದೆ ಬೇರೆ ಶಾಲು ಕೊಟ್ಟು, ಲಸ್ಸಿ ಕುಡಿಸಿ ಕಳಿಸಿದರಂತೆ.

ಅಂದಿನಿಂದ ಗದಗದ ಆ ಓಣಿಯಲ್ಲಿ ಯಾರಾದರೂ ಮಾತು ತಪ್ಪಿದರೆ ಅಜ್ಜಿ ಹೇಳುವುದು ಒಂದೇ: "ಮಾತು ಅಂದ್ರ ಬಡೇಲಾಲಂದು! ನಿಮ್ಮದೂ ಒಂದು ಮಾತೇನ?" ಬಡೇಲಾಲರನ್ನು ಕಂಡೇ ಇರದ ಹಾಲಿನವನೂ ತಲೆ ತಗ್ಗಿಸುತ್ತಿದ್ದ.

ಅಪ್ಪ ಪ್ರಭಾಕರ ಈಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ಮನೆ ಇರುವುದು ಭೇಲೂಪುರದಲ್ಲಿ. ಈ ಚಳಿಗಾಲದಲ್ಲಿ ಅಜ್ಜಿ ಬಂದವಳೇ, ವಿಶ್ವನಾಥನ ದರ್ಶನ ಮುಗಿಸಿ ಕೇಳಿದ್ದು ಬಡೇಲಾಲರ ಅಂಗಡಿಯನ್ನು. ಈಗ ಅದಕ್ಕೆ ಲಖನೌ, ಕಾನ್ಪುರ ಎಂದು ಊರೂರಿಗೆ ಬ್ರಾಂಚ್ ಇದೆ.

ಅಜ್ಜಿಗೆ ಹಿಂದಿ ಬಾರದು. ಗಗನಾ ಇಲ್ಲೇ ಹುಟ್ಟಿ ಬೆಳೆದವಳು, ಕನಸಿನಲ್ಲಿ ಕೂಡ ಹಿಂದಿಯಲ್ಲೇ ಜಗಳವಾಡುತ್ತಾಳೆ. ಹಾಗಾಗಿ ಅಜ್ಜಿ ಎಲ್ಲಿಗೆ ಹೋದರೂ ಗಗನಾ ಬೇಕು. "ಇಕಿ ನನ್ನ ಬಾಯಿ," ಎಂದು ಅಜ್ಜಿ ಎಲ್ಲರಿಗೂ ಪರಿಚಯಿಸುತ್ತಿದ್ದಳು. ಗಗನಾಳಿಗೆ ಅದನ್ನು ಕೇಳಿದಾಗೆಲ್ಲ ಒಂದು ಅಂಗುಲ ಎತ್ತರವಾದ ಹಾಗೆ ಅನಿಸುತ್ತಿತ್ತು.

ಚಾದರ ಕೊಂಡ ದಿನ ನಡೆದದ್ದು ಹೀಗೆ. ಅಂಗಡಿಯ ಬಾಗಿಲಲ್ಲೇ ಒಂದು ದೊಡ್ಡ ಚಕ್ರ ನಿಲ್ಲಿಸಿದ್ದರು. ಸಾಮಾನು ಕೊಂಡವರು ಅದನ್ನು ತಿರುಗಿಸಿ ಬಹುಮಾನ ಗೆಲ್ಲಬಹುದು. ಚಕ್ರದ ಮೇಲೆ ಸೈಕಲ್ಲಿನ ಚಿತ್ರವಿತ್ತು. ಗಗನಾ ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಪಕ್ಕಾ ಬಣ್ಣ ಐತೇನ ಕೇಳು ತಂಗಿ," ಎಂದಳು ಅಜ್ಜಿ, ಆನೆ ಚಾದರ ಹಿಡಿದು.

ಗಗನಾ ಕೇಳಿದಳು. ಸೇಲ್ಸ್‌ಮನ್ ಬಾಯಲ್ಲಿದ್ದ ಪಾನನ್ನು ಒಂದು ದವಡೆಗೆ ಸರಿಸಿ ಹಿಂದಿಯಲ್ಲಿ ಹೇಳಿದ: "ಬೇಬಿ, ಸೇಲ್ ಮಾಲಿಗೆ ಗ್ಯಾರಂಟಿ ಇಲ್ಲ. ಬಣ್ಣ ಹೋಗುತ್ತೆ. ಬೇರೆಯಾಗಿ ತೊಳೀಬೇಕು ಅಂತ ಅಜ್ಜಿಗೆ ಹೇಳು."

ಅದೇ ಹೊತ್ತಿಗೆ ಅವನ ತಲೆಯ ಮೇಲಿದ್ದ ಸ್ಪೀಕರ್ ಕಿರುಚಿತು: "ಬಡೇಲಾಲ್! ಪಕ್ಕಾ ರಂಗ್, ಪಕ್ಕಾ ಭರೋಸಾ! ಆಜ್ ಸೇಲ್ ಕಾ ಆಖ್ರೀ ದಿನ್!"

"ಏನಂತಾನ?" ಎಂದಳು ಅಜ್ಜಿ.

ಬಣ್ಣ ಹೋಗುತ್ತದೆ ಎಂದರೆ ಅಜ್ಜಿ ಕೊಳ್ಳುವುದಿಲ್ಲ. ಕೊಳ್ಳದಿದ್ದರೆ ಚಕ್ರ ಇಲ್ಲ. ಚಕ್ರ ಇಲ್ಲದಿದ್ದರೆ ಸೈಕಲ್ ಎಲ್ಲಿಂದ ಬರಬೇಕು?

"ಪಕ್ಕಾ ಬಣ್ಣ ಅಂತ ಅಜ್ಜಿ," ಎಂದಳು ಗಗನಾ. ಸುಳ್ಳೇನಲ್ಲವಲ್ಲ, ಸ್ಪೀಕರ್ ಹಾಗೇ ಹೇಳುತ್ತಿದೆ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡಳು.

ಚಕ್ರ ತಿರುಗಿತು. ಗಗನಾಳಿಗೆ ಒಂದು ಹಸಿರು ಬಾಚಣಿಗೆ ಬಂತು. ಮರುದಿನ ಶಾಲೆಗೆ ಹೋದರೆ ಗೆಳತಿ ಪ್ರಾರ್ಥನಾಳ ಬ್ಯಾಗಿನಲ್ಲಿ ಅಂಥದ್ದೇ ಬಾಚಣಿಗೆ! ಕ್ಲಾಸಿನ ಮನೋಜನ ಅಕ್ಕನ ಹತ್ತಿರವೂ ಅದೇ ಬಾಚಣಿಗೆ! "ಆ ಚಕ್ರ ಬೇರೆ ಕಡೆ ನಿಲ್ಲೋದೇ ಇಲ್ಲ ಯಾರ್," ಎಂದ ಮನೋಜ್. "ನಮ್ಮ ಮನೇಲಿ ಈಗ ಬಡೇಲಾಲ್‌ಗೆ ಯಾರೂ ಹೋಗಲ್ಲ."

ಇಷ್ಟು ಆದ ಮೇಲೆ ಬಟ್ಟೆಗಳೆಲ್ಲ ಗುಲಾಬಿಯಾದವು.

"ನಡೀರಿ, ಅದರಾಗೇನೈತಿ," ಎಂದಳು ಅಜ್ಜಿ, ಒಣಗಿದ ಚಾದರವನ್ನು ಮಡಿಚಿ ಬಗಲಿಗೆ ಹಾಕಿಕೊಂಡು. "ಬಡೇಲಾಲ ವಾಪಸ್ ತಗೋತಾನ. ಲಸ್ಸಿನೂ ಕುಡಿಸ್ತಾನ."

"ಅವ್ವಾ, ಬಿಡು," ಎಂದರು ಅಪ್ಪ. "ಈಗ ಅಂಗಡಿ ಮೊದಲಿನಂಗ ಉಳಿದಿಲ್ಲ."

"ಹೋಗಲೇಬೇಕಾ ಅಜ್ಜಿ?" ಎಂದಳು ಗಗನಾ. "ನಂಗ ಬಹುತ್ ಹೋಮ್‌ವರ್ಕ್ ಐತಿ."

ಹೋಮ್‌ವರ್ಕ್ ಎಂಬ ಮಾತು ಅವಳ ಬಾಯಲ್ಲಿ ತಾನಾಗಿ ಬಂದದ್ದು ಅದೇ ಮೊದಲು. ಅಮ್ಮ ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಜ್ವರ ಇರಲಿಲ್ಲ. ಹೋಗಲೇಬೇಕಾಯಿತು.

ಅಂಗಡಿಯಲ್ಲಿ ಗಿರಾಕಿಗಳಿಗಿಂತ ಸೇಲ್ಸ್‌ಮನ್‌ಗಳೇ ಹೆಚ್ಚಿದ್ದರು. "ಆಜ್ ಆಖ್ರೀ ದಿನ್!" ಎಂದು ಸ್ಪೀಕರ್ ಕಿರುಚುತ್ತಲೇ ಇತ್ತು. ಒಬ್ಬರು ಹಿಡಿ ಕಳಚಿದ ಕುಕ್ಕರ್ ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ಕೌಂಟರಿನ ಹಿಂದೆ ಯಾರೂ ಇರಲಿಲ್ಲ. "ಈಗಲೇ ಬರುತ್ತೇವೆ" ಎಂಬ ಒಂದು ಚೀಟಿ ಮಾತ್ರ ಇತ್ತು. ಅದರ ಮೇಲೆ ಸಾಕಷ್ಟು ಧೂಳು ಕೂತಿತ್ತು.

ಕೊನೆಗೆ ಟೈ ಕಟ್ಟಿಕೊಂಡ ಮ್ಯಾನೇಜರ್ ಬಂದ. ಅಜ್ಜಿ ಚಾದರ ಮೇಜಿನ ಮೇಲಿಟ್ಟು, ಸಾಕ್ಷಿಗೆಂದು ಚೀಲದಿಂದ ಅಪ್ಪನ ಗುಲಾಬಿ ಬನಿಯನ್ನನ್ನು ತೆಗೆದು ಎತ್ತಿ ಹಿಡಿದಳು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿದಳು.

ಗೋಡೆಯ ಮೇಲೆ ಬಡೇಲಾಲರ ಫೋಟೋ ಇತ್ತು. ಅದರ ಕೆಳಗೆ ಹಳೆಯ ಮರದ ಬೋರ್ಡು. ಅದರಲ್ಲಿ ಏನು ಬರೆದಿದೆಯೆಂದು ಅಜ್ಜ ಅಂದೇ ಓದಿ ಹೇಳಿದ್ದರು: 'ಇಷ್ಟವಾಗದಿದ್ದರೆ ವಾಪಸ್ ತನ್ನಿ.'

ಮ್ಯಾನೇಜರ್ ನಕ್ಕು ಏನೋ ಹೇಳಿದ. ಅಜ್ಜಿ ಗಗನಾಳನ್ನು ನೋಡಿದಳು.

"ಅದು ಡೆಕೋರೇಶನ್ ಅಂತ ಅಜ್ಜಿ," ಎಂದಳು ಗಗನಾ. "ಸೆಲ್ಫಿ ಪಾಯಿಂಟ್ ಅಂತ. ಎಲ್ಲಾ ಬ್ರಾಂಚಿನಾಗೂ ಇಂಥಾದ್ದ ಹಾಕ್ಯಾರಂತ. ನಿಂಗ ಬೇಕಂದ್ರ ಫೋಟೋ ತೆಗೀತಾನಂತ."

ಅಜ್ಜಿ ಆ ಬೋರ್ಡನ್ನು ಬಹಳ ಹೊತ್ತು ನೋಡಿದಳು. ಅದರ ಸುತ್ತ ಬಣ್ಣಬಣ್ಣದ ಪುಟ್ಟ ದೀಪಗಳು ಮಿಣಮಿಣ ಎನ್ನುತ್ತಿದ್ದವು.

"ಯವ್ವಾ! ಕೊಟ್ಟ ಮಾತಿಗೆ ಲೈಟ್ ಹಾಕಿ ಗ್ವಾಡಿಗೆ ನೇತುಹಾಕ್ಯಾರಲ್ಲ," ಎಂದಳು.

ಅಷ್ಟರಲ್ಲಿ ಪಾನಿನ ಸೇಲ್ಸ್‌ಮನ್ ಅಲ್ಲಿಗೆ ಬಂದ. ಗಗನಾಳನ್ನು ನೋಡಿ ಮ್ಯಾನೇಜರಿಗೆ, "ಈ ಬೇಬಿಗೆ ಅವತ್ತೇ ಹೇಳಿದ್ದೆ, ಬಣ್ಣ ಹೋಗುತ್ತೆ ಅಂತ. ಬೇಕಾದರೆ ಕೇಳಿ!" ಎಂದ.

ಅಜ್ಜಿ ಗಗನಾಳ ಕಡೆ ತಿರುಗಿದಳು.

"ಏನಂತಾನ?"

"ಏ... ಏನಿಲ್ಲ ಅಜ್ಜಿ. ನಮಸ್ತೆ ಅಂತಾನ."

"ನಮಸ್ತೆ ಅವನ ಮನಿಗೆ ಒಯ್ಯಲಿ!" ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬೋರ್ಡು ಸುಳ್ಳಾತು, ಹೋಗ್ಲಿ. ಬಣ್ಣ ಪಕ್ಕಾ ಅಂತ ಬಾಯಿಲೇ ಹೇಳ್ಯಾರಲ್ಲ, ಅದೂ ಸುಳ್ಳೇನ? ಹೇಳು ಅವಗ, ನನ್ನ ಮೊಮ್ಮಗಳು ತನ್ನ ಕಿವೀಲೆ ಕೇಳ್ಯಾಳ ಅಂತ. ನನ್ನ ಮೊಮ್ಮಗಳು ಯಾವತ್ತೂ ಸುಳ್ಳ ಹೇಳಂಗಿಲ್ಲ ಅಂತ. ಹೇಳ ತಂಗಿ, ಒದರಿ ಹೇಳು!"

ಎಷ್ಟು ಸುಲಭದ ವಾಕ್ಯ! ಒಂದನೆಯ ಕ್ಲಾಸಿನವರೂ ಅದನ್ನು ಹಿಂದಿಯಲ್ಲಿ ಹೇಳುತ್ತಾರೆ. ಗಗನಾ ಬಾಯಿ ತೆರೆದಳು. ಕುಕ್ಕರಿನವರು, ಮ್ಯಾನೇಜರ್, ಗೋಡೆಯ ಮೇಲಿನ ಬಡೇಲಾಲ್, ಎಲ್ಲರೂ ಅವಳನ್ನೇ ನೋಡುತ್ತಿದ್ದಂತಿತ್ತು. ಇಲ್ಲಿ ಯಾರಿಗೂ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಅಜ್ಜಿಯ ಮುಖ ನೋಡಿದರೆ ಆ ವಾಕ್ಯ ಹೊರಗೆ ಬರಲೇ ಇಲ್ಲ.

"ಅಜ್ಜಿ," ಎಂದಳು ಮೆಲ್ಲಗೆ. "ಅವಾ ಅವತ್ತ ಹೇಳಿದ್ದ. ಬಣ್ಣ ಹೋಗ್ತೈತಿ ಅಂತ. ನಾನ... ನಾನ ನಿಂಗ ಹೇಳಲಿಲ್ಲ. ನಂಗ ಚಕ್ರ ತಿರುಗಿಸ್ಬೇಕಾಗಿತ್ತು."

ಅಜ್ಜಿ ಬೈಯಲಿಲ್ಲ. ಬನಿಯನ್ ಮಡಿಚಿ ಚೀಲಕ್ಕೆ ಹಾಕಿದಳು. ಚಾದರ ಎತ್ತಿಕೊಂಡಳು. ಬಡೇಲಾಲರ ಫೋಟೋಗೊಂದು ಕೈ ಮುಗಿದು ಹೊರಗೆ ನಡೆದಳು.

ರಸ್ತೆಯಲ್ಲಿ ಇ-ರಿಕ್ಷಾ ನಿಲ್ಲಿಸಿದ್ದೂ ಅಜ್ಜಿಯೇ. "ಮನಿ! ಉಧರ್! ಕಿತನಾ?" ಎಂದು ತಾನೇ ಕೇಳಿದಳು. ಅವನು ಏನು ಹೇಳಿದನೋ, ಅಜ್ಜಿಗೆ ಅರ್ಥವಾಗಲಿಲ್ಲ. ಆದರೂ ಪಕ್ಕದಲ್ಲಿದ್ದ ಗಗನಾಳನ್ನು ಕೇಳಲಿಲ್ಲ.

ಮರುದಿನ ಗಗನಾ ಗುಲಾಬಿ ಅಂಗಿಯಲ್ಲೇ ಶಾಲೆಗೆ ಹೋದಳು. "ಗುಲಾಬೋ! ಗುಲಾಬೋ!" ಎಂದು ಮನೋಜ್ ಇಡೀ ದಿನ ಕಾಡಿದ. ಅಮ್ಮನ ಗುಲಾಬಿ ಕೋಟನ್ನು ನೋಡಿ ಆಸ್ಪತ್ರೆಯ ಮಕ್ಕಳು ಅವಳನ್ನು ಐಸ್‌ಕ್ರೀಮ್ ಡಾಕ್ಟರ್ ಎಂದರಂತೆ. ಅದೆಲ್ಲ ಇರಲಿ. ಸಂಜೆ ಅಜ್ಜಿ ತರಕಾರಿಗೆ ಒಬ್ಬಳೇ ಹೊರಟಾಗ ಗಗನಾಳಿಗೆ ತಡೆಯಲಾಗಲಿಲ್ಲ, ಹಿಂದೆಯೇ ಹೋದಳು.

ಅಜ್ಜಿಗೆ ತೆಂಗಿನಕಾಯಿ ಬೇಕಿತ್ತು. ಹೆಸರು ಬಾರದು. ಎರಡೂ ಕೈ ಎತ್ತಿ, ನೆಲಕ್ಕೆ ಏನನ್ನೋ ಅಪ್ಪಳಿಸುವ ಹಾಗೆ ಮಾಡಿ ತೋರಿಸಿದಳು. ತರಕಾರಿಯವನು ಹೆದರಿ ಗಾಡಿಯ ಹಿಂದೆ ಸರಿದ.

"ಅಜ್ಜಿ, ನಾ ಕೇಳ್ಲೇನು?"

"ಬ್ಯಾಡವಾ. ನನ್ನ ಕೆಲಸ ನಾ ಮಾಡ್ಕೋತೀನಿ."

ಅಜ್ಜಿ ತೆಂಗಿನಕಾಯಿ ಇಲ್ಲದೆ, ಒಂದು ದೊಡ್ಡ ಕುಂಬಳಕಾಯಿ ಹೊತ್ತು ಮನೆಗೆ ಬಂದಳು. ಆ ವಾರವೆಲ್ಲ ಕುಂಬಳಕಾಯಿ ಪಲ್ಯ. ಗಗನಾ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳುತ್ತಿದ್ದಳು. ಅದಕ್ಕೆ ಕಾರಣ ಕುಂಬಳಕಾಯಿ ಮಾತ್ರ ಅಲ್ಲ. ಅಜ್ಜಿ ಊಟಕ್ಕೆ ಕರೆಯುತ್ತಿದ್ದಳು, ಜಡೆ ಹಾಕುತ್ತಿದ್ದಳು, ಕತೆಯೂ ಹೇಳುತ್ತಿದ್ದಳು. ಆದರೆ "ಏನಂತಾನ?" ಎಂದು ಮಾತ್ರ ಕೇಳುತ್ತಿರಲಿಲ್ಲ. ಅಜ್ಜಿಯ ಪಕ್ಕದಲ್ಲಿ ಸುಮ್ಮನೆ ನಡೆಯುವಾಗ ಗಗನಾಳಿಗೆ ಬರೀ ಅಲಂಕಾರಕ್ಕೆ ತೂಗುತ್ತಿದ್ದ ಆ ಮರದ ಬೋರ್ಡು ನೆನಪಾಗುತ್ತಿತ್ತು.

ಭಾನುವಾರ ಅಜ್ಜಿ ಅವಳನ್ನು ಕರೆದುಕೊಂಡು ಸೋನಾರ್‌ಪುರಕ್ಕೆ ಹೋದಳು. ರಸ್ತೆಬದಿಯಲ್ಲಿ ಒಬ್ಬ ಗಾಡಿಯ ಮೇಲೆ ಚಾದರ ಮಾರುತ್ತಿದ್ದ. ನೀಲಿ ಚಾದರದ ಮೇಲೆ ನವಿಲುಗಳು. ಅಜ್ಜಿಯ ಕಣ್ಣು ಅಲ್ಲೇ ನಿಂತಿತು.

ಬಣ್ಣ ಹೋಗುತ್ತದೆಯೇ ಎಂದು ಕೈಸನ್ನೆಯಲ್ಲಿ ಹೇಗೆ ಕೇಳುವುದು? ಅಜ್ಜಿ ಪ್ರಯತ್ನಿಸಿದಳು. ಗಾಳಿಯಲ್ಲೇ ಬಟ್ಟೆ ಒಗೆದಳು, ಹಿಂಡಿದಳು, ಕೊಡವಿದಳು. ಆಮೇಲೆ ಅಪ್ಪ ಬನಿಯನ್ ನೋಡಿದಾಗ ಮಾಡಿದ ಮುಖವನ್ನೇ ಮಾಡಿ ಬಾಯಿ ತೆರೆದು ನಿಂತಳು. ಗಾಡಿಯವನು ಗಾಬರಿಯಾಗಿ ನೀರಿನ ಬಾಟಲಿ ಚಾಚಿದ. ಯಾರೋ ಬೀಸಣಿಗೆ ತಂದರು. ನಾಲ್ಕು ಜನ ಸೇರಿದರು. ಒಂದು ಹಸುವೂ ನಿಂತು ನೋಡಿತು.

ಅಜ್ಜಿ ಸುಸ್ತಾಗಿ ಕೈ ಇಳಿಸಿದಳು. ಮೆಲ್ಲಗೆ ಗಗನಾಳ ಕಡೆ ತಿರುಗಿದಳು.

"ಕೇಳು," ಎಂದಳು.

ಗಗನಾ ಕೇಳಿದಳು. ಅವನು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಂಡಳು. ಅನುಮಾನ ಬಂದಲ್ಲಿ ಇನ್ನೊಮ್ಮೆ ಕೇಳಿದಳು.

"ಬಣ್ಣ ಹೋಗ್ತೈತಂತ ಅಜ್ಜಿ. ಮೊದಲ ಎರಡು ಸಲ ಹೋಗ್ತೈತಂತ. ಬಿಳಿ ಬಟ್ಟಿ ಜೋಡಿ ಹಾಕಬ್ಯಾಡ್ರಿ ಅಂತಾನ. ಮತ್ತ..."

"ಮತ್ತೇನು?"

ಗಗನಾ ತುಟಿ ಕಚ್ಚಿಕೊಂಡಳು. ಇದನ್ನು ಹೇಳುವುದೋ ಬೇಡವೋ? ಆಮೇಲೆ ಹೇಳಿಯೇಬಿಟ್ಟಳು.

"ಮತ್ತ, ಈ ಮುದುಕಿ ನನ್ನ ಗಿರಾಕಿನ್ನೆಲ್ಲ ಹೆದರ್ಸಿ ಓಡಿಸ್ತಾಳ ಅಂತ."

ಅಜ್ಜಿ ಕಣ್ಣು ಕೆಂಪಗೆ ಮಾಡಿ ಗಾಡಿಯವನನ್ನು ನೋಡಿದಳು. ಅವನಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು, ಕೈ ಮುಗಿದ. ಅಜ್ಜಿ ಅವನನ್ನು ನೋಡಿದಳು, ಗಗನಾಳನ್ನು ನೋಡಿದಳು, ಹೊಟ್ಟೆ ಅಲ್ಲಾಡುವ ಹಾಗೆ ನಗತೊಡಗಿದಳು.

"ಖರೆ ಹೇಳ್ಯಾನ ಮೂಳ! ನೀನೂ ಖರೆ ಹೇಳಿದಿ. ಎರಡು ಕಟ್ಟಾಕ ಹೇಳು!"

ಬರುವಾಗ ಬಡೇಲಾಲ್ ಸ್ಟೋರ್ಸಿನ ಮುಂದೆ ಟ್ರಾಫಿಕ್ ಜಾಮ್ ಆಗಿ ಇ-ರಿಕ್ಷಾ ನಿಂತಿತು. ಚಕ್ರದ ಹತ್ತಿರ ಯಾರೂ ಇರಲಿಲ್ಲ. ಸ್ಪೀಕರ್ ಮಾತ್ರ ಕಿರುಚುತ್ತಿತ್ತು.

ಅಜ್ಜಿ ಮೊಣಕೈಯಿಂದ ತಿವಿದಳು. "ಏ ನನ್ನ ಬಾಯಿ, ಏನಂತೈತಿ ಅದು?"

ಗಗನಾಳ ಮುಖ ಅರಳಿತು. ನೆಟ್ಟಗೆ ಕೂತಳು.

"ಇವತ್ತ ಸೇಲಿನ ಕೊನೀ ದಿನ ಅಂತ ಅಜ್ಜಿ," ಎಂದಳು. ರಿಕ್ಷಾ ಮುಂದೆ ಸರಿದ ಮೇಲೆ ಮತ್ತೆ ಹೇಳಿದಳು: "ದೀಪಾವಳಿಯಿಂದ ಹಂಗ ಅನ್ಲಿಕತ್ತೈತಿ."