ನೀರು ತೋರಿಸಬಾರದ ತಂತಿ

“ಈ ದಪ್ಪ ತಂತಿ ಇಲ್ಲೇ ಕತ್ತರಿಸಿ ಬಿಟ್ಟು ಹೋಗ್ರಿ ಅಮ್ಮಾ,” ಎಂದು ಜಿಲಾನಿ ಪಾಷಾ ಇಕ್ಕಳವನ್ನು ಮುಂದೆ ಹಿಡಿದ. “ಒಯ್ಯಲೇಬೇಕಂದ್ರ ಒಣಾ ಮಣ್ಣಾಗ ಹೂಳ್ರಿ. ನೀರು ಮಾತ್ರ ತೋರಿಸಬ್ಯಾಡ್ರಿ.”

ಸುಮಂಗಲಾ ನಕ್ಕುಬಿಟ್ಟಳು.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಸಂದಿಯಲ್ಲಿತ್ತು ಹಳೇ ವಾದ್ಯಗಳ ಆ ಅಂಗಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಬಾವಿಗೆ ಇಳಿದಂಥ ಕತ್ತಲು. ಹರಿದ ಹಾರ್ಮೋನಿಯಂ, ಇಲಿ ಕಡಿದ ತಬಲಾ, ಹಳೇ ವಾರ್ನಿಷು, ಆರಿದ ಲೋಬಾನದ ಧೂಪ ಇವುಗಳ ವಾಸನೆ ಒಂದರ ಮೇಲೊಂದು ಕೂತು ಗಾಳಿಯೇ ದಪ್ಪಗಾಗಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಬೇಸ್ ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ ಕೂಡಲೇ ಇದು ತನ್ನದೇ ಎಂದು ಅವಳಿಗೆ ಅನಿಸಿಹೋಗಿತ್ತು. ಅವಳ ಹಳೆಯದರ ಕತ್ತು ಇಲ್ಲಿಯ ಬೇಸಿಗೆಗೆ ಬಿಲ್ಲಿನಂತೆ ಬಾಗಿತ್ತು. ಇದರ ಕತ್ತು ನೇರವಾಗಿತ್ತು, ಮರ ಭಾರವಾಗಿತ್ತು. ಮೇಲಿನ ದಪ್ಪ ತಂತಿಯನ್ನು ಮೀಟಿದರೆ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳುತ್ತಿತ್ತು.

“ಹೊಸಾ ತಂತಿ ಗೆಜ್ಜಿಯಂಗ ಝಣ ಝಣ ಅಂತಾವ ಚಾಚಾ. ಹಳೇ ತಂತಿಗಿರೋ ಗುಂಡಿಗಿ ಅವಕ್ಕ ಇರಂಗಿಲ್ಲ. ನನಗ ಇವೇ ಬೇಕು.”

“ಅದು ನಮ್ಮಣ್ಣ ಸೈಫುದ್ದೀನನ ತಂತಿ. ಮದುವಿ ಆರ್ಕೆಸ್ಟ್ರಾದಾಗ ನುಡಸ್ತಿದ್ದ. ಆಗದವರು ಅದಕ್ಕ ಮಾಟದ ಮದ್ದು ಸವರ್ಯಾರ.”

“ಹಂಗಿದ್ರ ನೀವೇ ಕತ್ತರಿಸಿ ಒಗಿಬೇಕಿತ್ತು.”

ಮುದುಕ ಇಕ್ಕಳವನ್ನು ಕೈಯಲ್ಲೇ ತಿರುಗಿಸಿದ. “ನನ್ನ ಕೈಲೆ ಆಗಲಿಲ್ಲ.” ಆಮೇಲೆ ಅವಳ ಸೀರೆಯ ಸೆರಗು ಹಿಡಿದು ನಿಂತಿದ್ದ ಮಗುವಿನ ಕಡೆ ನೋಡಿದ. “ಮನ್ಯಾಗ ಕೂಸು ಅದ. ಅದಕ್ಕ ಹೇಳಾಕತ್ತೀನಿ.”

“ಇದು ತುಕ್ಕು ಚಾಚಾ. ಕಬ್ಬಿಣಕ್ಕ ಹಸಿ ಗಾಳಿ ತಾಕಿದ್ರ ಆಗ್ತದ. ಹುಡುಗರಿಗೆ ದಿನಾ ಇದನ್ನೇ ಹೇಳ್ತೀನಿ.”

ಕಲಬುರಗಿಯಿಂದ ಹಿರೇಕೊಟ್ನೆಕಲ್ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಾನ್ವಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ತಾಯಿ ಯಮನಮ್ಮ, ಒಂದನೇ ತರಗತಿಯ ಮಗಳು ಮೌನೇಶ್ವರಿ. ಗಂಡ ತೀರಿಕೊಂಡ ಮೇಲೆ ಮೌನಿಗೆ ಅಪ್ಪನೂ ಅವಳೇ ಆಗಿದ್ದಳು.

ಬಸ್ಸಿನಲ್ಲಿ ಗಿಟಾರನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಾಗ ಮೌನಿ ತಾಯಿಯ ಬಲಗೈ ಬೆರಳ ತುದಿ ಸವರಿ ಕೇಳಿದಳು. “ಇದು ಯಾಕವ್ವಾ ಕಲ್ಲಿನಂಗ ಅದ?”

“ತಂತಿ ಮೀಟಿ ಮೀಟಿ. ಮೊದಲು ಗುಳ್ಳಿ ಬರ್ತದ, ನೋಯ್ತದ. ಆಮ್ಯಾಲೆ ಗಟ್ಟಿ ಆಗ್ತದ. ಗಟ್ಟಿ ಆದ ಮ್ಯಾಲೆ ಏನೂ ಗೊತ್ತಾಗಂಗಿಲ್ಲ.”

“ನಂದೂ ಗಟ್ಟಿ ಆಗ್ತದೇನು?”

“ನಿಂದು ಬೆಣ್ಣಿ. ಹಿಂಗೇ ಇರಲಿ,” ಎಂದು ಸುಮಂಗಲಾ ಆ ಪುಟ್ಟ ಬೆರಳಿಗೆ ಮುತ್ತಿಟ್ಟಳು.

ಸುಮಂಗಲಾ ಬೇಸ್ ನುಡಿಸುವ ಹವ್ಯಾಸಿ ತಂಡದ ಹೆಸರು ‘ಸೋನಾ ಮಸೂರಿ’. ಕೀಬೋರ್ಡ್ ಬಾರಿಸುವ ಬಸವಪ್ರಸಾದನ ಮನೆಯವರದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಅದರ ಗೋದಾಮಿನಲ್ಲೇ ಅಭ್ಯಾಸ ನಡೆಯುತ್ತಿದ್ದುದರಿಂದ ಆ ಹೆಸರು. ಡ್ರಮ್ಸಿನ ಗೌತಮ ದೇವದುರ್ಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ, ಶನಿವಾರ ಶನಿವಾರ ಬಸ್ಸು ಹತ್ತಿ ಬರುತ್ತಿದ್ದ. ಮುಂದಿನ ವಾರ ದೇವದುರ್ಗದ ಕಾಲೇಜಿನಲ್ಲಿ ಅವರ ಮೊದಲ ಕಾರ್ಯಕ್ರಮವಿತ್ತು.

ತೌಡಿನ ಧೂಳಿನ ನಡುವೆ ಹೊಸ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿದರೆ ದಪ್ಪ ತಂತಿ ಗೊರಗೊರ ಎಂದಿತು. ಅಂಗಡಿಯಲ್ಲಿ ಮನಸ್ಸು ಸೆಳೆದ ನಾದ ಜಿಡ್ಡಿನಡಿ ಎಲ್ಲೋ ಹೂತುಹೋಗಿತ್ತು.

“ಅಕ್ಕಾ, ಬೇಸ್ ಬಾರಿಸಿದ್ರೂ ಮಂದಿಗೆ ಗೊತ್ತಾಗಂಗಿಲ್ಲ, ಬಿಟ್ರೂ ಗೊತ್ತಾಗಂಗಿಲ್ಲ. ಯಾಕ ತಲಿ ಕೆಡಿಸ್ಕೊಂತಿ?” ಎಂದು ಗೌತಮ ಕಾಡಿಸಿದ.

“ಕಿವಿಗೆ ಗೊತ್ತಾಗಂಗಿಲ್ಲಪ್ಪ. ಎದಿಗೆ ಗೊತ್ತಾಗ್ತದ.”

“ಹೊಸಾ ಸೆಟ್ ಹಾಕಿಬಿಡ್ರಿ ಮೇಡಂ,” ಎಂದ ಪ್ರಸಾದ.

“ಬ್ಯಾಡ. ಕುದಿಸ್ತೀನಿ.”

ಹವ್ಯಾಸಕ್ಕೆ ಬೇಸ್ ನುಡಿಸುವವರಿಗೆಲ್ಲ ಗೊತ್ತಿರುವ ಉಪಾಯ ಅದು. ಸತ್ತ ತಂತಿಗಳನ್ನು ಬಿಚ್ಚಿ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಸುತ್ತುಗಳ ನಡುವೆ ಸಿಕ್ಕ ಬೆವರು, ಚರ್ಮ, ಜಿಡ್ಡು ಬಿಟ್ಟುಕೊಂಡು ತಂತಿಗೆ ಮತ್ತೆ ದನಿ ಬರುತ್ತದೆ. ಕಾಲೇಜಿನಲ್ಲಿದ್ದಾಗ ಎಷ್ಟೋ ಸಲ ಮಾಡಿದ್ದಳು. ಮುದುಕನ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿ, ಇನ್ನೊಮ್ಮೆ ನಗು ಬಂತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಅಲ್ಯೂಮಿನಿಯಮ್ಮಿನ ಜರ್ಮನ್ ಬೋಗುಣಿಯಲ್ಲಿ ನಾಲ್ಕೂ ತಂತಿಗಳನ್ನು ಸುರುಳಿ ಸುತ್ತಿ ಹಾಕಿದಳು. ನೀರು ಮೊದಲು ಕಂದಾಯಿತು, ಆಮೇಲೆ ಕರಿಗೆಂಪಾಯಿತು. ತುಕ್ಕಿನ ವಾಸನೆಯ ಹಿಂದೆ ಇನ್ನೊಂದು ವಾಸನೆ ಎದ್ದಿತು, ಹರಳೆಣ್ಣೆಯಲ್ಲಿ ಕೂದಲು ಸುಟ್ಟಂತೆ. ದಪ್ಪ ತಂತಿ ನೀರಿನಲ್ಲಿ ಮೆಲ್ಲಗೆ ಸುರುಳಿ ಬಿಚ್ಚಿತು, ಮತ್ತೆ ಸುತ್ತಿಕೊಂಡಿತು. ಕುದಿಯುವ ನೀರಲ್ಲವೇ ಎಂದುಕೊಂಡಳು. ನೀರನ್ನು ಬಚ್ಚಲಿಗೆ ಚೆಲ್ಲಿ, ಬೋಗುಣಿ ತಿಕ್ಕಿ ಡಬ್ಬು ಹಾಕಿದಳು. ಅದರ ಅಂಚಿನ ಮಡಿಕೆಯೊಳಗೆ ಕರಿ ಜಿಡ್ಡಿನ ಒಂದೆಳೆ ಉಳಿದದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ಮಧ್ಯಾಹ್ನ ಯಮನಮ್ಮ ಅದೇ ಬೋಗುಣಿಯಲ್ಲಿ ಮೊಮ್ಮಗಳಿಗೆ ರವೆಯ ಸಜ್ಜಕ ಮಾಡಿದಳು. ಸಕ್ಕರೆ ಕಾಯಿಲೆಯ ಯಮನಮ್ಮ ಸಿಹಿ ಮುಟ್ಟುತ್ತಿರಲಿಲ್ಲ. ಸುಮಂಗಲಾ ತಂತಿ ಏರಿಸುವ ಸಂಭ್ರಮದಲ್ಲಿ ಊಟವನ್ನೇ ಮರೆತಿದ್ದಳು. ಮೌನಿಯೊಬ್ಬಳೇ ತಾಟು ಬಳಿದು ತಿಂದಳು.

ಬಿಸಿಲಿಗೆ ಕಿಟಕಿ ಮುಚ್ಚಿ, ಪರದೆ ಎಳೆದ ಕೋಣೆ. ಮಂದ ಕತ್ತಲು. ಮೌನಿ ಎಂದಿನಂತೆ ಆಂಪ್ಲಿಫೈಯರಿಗೆ ಬೆನ್ನು ಕೊಟ್ಟು ಕೂತು ಬಣ್ಣ ತುಂಬುತ್ತಿದ್ದಳು. ದನಿ ಬೆನ್ನಿಗೆ ಕಚಗುಳಿ ಇಡುತ್ತದೆಂದು ಅವಳಿಗೆ ಆ ಜಾಗವೇ ಇಷ್ಟ. ಸುಮಂಗಲಾ ದಪ್ಪ ತಂತಿ ಮೀಟಿದಳು. ತಂತಿಗೆ ಜೀವ ಬಂದಿತ್ತು. ಆಳವಾದ, ದುಂಡನೆಯ ನಾದ; ನೆಲ, ಗೋಡೆ, ಹಲ್ಲು ಎಲ್ಲಕ್ಕೂ ತಾಕುವಂಥದ್ದು. ಖುಷಿಯಿಂದ ಬಹಳ ಹೊತ್ತು ಬಾರಿಸಿದಳು. ಆಮೇಲೆ ನೀರು ಕುಡಿಯಲು ನಿಲ್ಲಿಸಿದಳು.

ಮೌನಿಯ ಕೈಯಿಂದ ಬಣ್ಣದ ಕಡ್ಡಿ ಜಾರಿತು.

“ಉಸಿರು ಹಿಡಿಯೋ ಆಟ ಬ್ಯಾಡ ಮೌನೀ.”

ಮಗುವಿನ ಬಾಯಿ ತೆರೆದಿತ್ತು. ಕಣ್ಣು ತಾಯಿಯನ್ನೇ ನೋಡುತ್ತಿತ್ತು. ಎದೆ ಏಳಲಿಲ್ಲ. ತುಟಿಯ ಅಂಚು ನೀಲಿಗೆ ತಿರುಗುತ್ತಿತ್ತು. ಸುಮಂಗಲಾ ಧಡಕ್ಕನೆ ಏಳುವಾಗ ಕೈ ತಂತಿಗೆ ತಗುಲಿತು. ಧುಮ್ ಎಂದಿತು. ಮೌನಿ ಮುಳುಗಿ ಎದ್ದವಳಂತೆ ಉಸಿರೆಳೆದಳು.

ನಾದ ಕರಗಿತು. ಉಸಿರು ನಿಂತಿತು.

ಧುಮ್. ಉಸಿರು ಬಂತು.

ಬೇರೆ ತಂತಿ ಮೀಟಿದಳು. ಏನೂ ಇಲ್ಲ. ಅದರ ಪಕ್ಕದ್ದು. ಏನೂ ಇಲ್ಲ. ದಪ್ಪ ತಂತಿ. ಎದೆ ಎದ್ದಿತು. ತಾನು ಮಾಡುತ್ತಿರುವುದು ಪ್ರಯೋಗ, ಅದೂ ತನ್ನ ಮಗುವಿನ ಮೇಲೆ ಎಂದು ಅವಳಿಗೆ ಹೊಳೆಯಿತು.

“ಯವ್ವಾ, ಮೌನಿಗೆ ಏನು ತಿನಿಸಿದಿ?”

ಯಮನಮ್ಮ ಬಾಗಿಲಲ್ಲಿ ನಿಂತಿದ್ದಳು. “ಸಜ್ಜಕ.”

“ಯಾವುದ್ರಾಗ ಮಾಡಿದಿ?”

ಉತ್ತರ ಬರುವ ಮೊದಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಕತ್ತಲಲ್ಲಿ ತಂತಿ ಅಲುಗಿತು, ದನಿ ಮಾತ್ರ ನೊಣ ಹಾರಿದಷ್ಟೇ ಬಂತು. ಮಗು ಕಾಲು ಬಡಿಯಿತು. ಸುಮಂಗಲಾ ಅವಳನ್ನು ಸೆಳೆದು ಗಿಟಾರಿನ ಮರಕ್ಕೆ ಬೆನ್ನು ಒತ್ತಿ ಹಿಡಿದಳು. ಮೀಟಿದಳು. ಮರ ನಡುಗಿತು. ಬೆನ್ನು ನಡುಗಿತು. ಉಸಿರು ಬಂತು.

ಯಮನಮ್ಮ ಫೋನು ಮಾಡಿ ಕರೆಸಿದ ಪ್ರಸಾದನ ಕಾರು ಬಂದಾಗಲೂ ಅವಳು ಹಾಗೇ ಇದ್ದಳು. ಹಾಗೇ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ತಾಯಿ, ಮಗು, ನಡುವೆ ಗಿಟಾರು. ಹಿಂದಿನ ರಾತ್ರಿ ಪ್ರಸಾದನ ಮನೆಯಲ್ಲೇ ಉಳಿದಿದ್ದ ಗೌತಮ ಅಂಗಡಿಗೆ ಫೋನು ಹಚ್ಚಿ, ಮುಂದಿನ ಸೀಟಿನಿಂದ ತಿರುಗಿ ಅವಳ ಕಿವಿಗೆ ಹಿಡಿದ. ತಂತಿ ಕುದಿಸಿದೆನೆಂದ ಕೂಡಲೇ ಆ ಕಡೆ ಜಿಲಾನಿ ಪಾಷಾ ಕೇಳಿದ್ದು ಒಂದೇ ಮಾತು.

“ಯಾರು ತಿಂದ್ರು?”

“ಮಗಳು. ದವಾಖಾನಿಗೆ ಹೊಂಟೀವಿ ಚಾಚಾ.”

“ನಮ್ಮಣ್ಣಗೂ ಒಯ್ದಿದ್ವಿ ಅಮ್ಮಾ. ಯಂತ್ರ ಹಚ್ಚಿದ್ರು. ಯಂತ್ರ ಗಾಳಿ ಕೊಡ್ತಿತ್ತು, ಅವನ ಎದಿ ತಗೊಳ್ಳಲಿಲ್ಲ. ತಂತಿ ಮೀಟಿದ್ರ ಮಾತ್ರ ತಗೊಂಡಿತು. ತೊಯ್ದ ಬೆರಳಿಲೆ ನುಡಿಸಿ, ಅದೇ ಬೆರಳಿಲೆ ಉಂಡಿದ್ದ ನೋಡ್ರಿ.”

“ತಂತಿ ಕತ್ತರಿಸಿದ್ರ?”

“ಬ್ಯಾಡ್ರಿ. ಈಗ ಕತ್ತರಿಸಿದ್ರ ಕೂಸು ಅಲ್ಲಿಗೇ ಮುಗೀತದ. ಅಣ್ಣ ಹೋದ ಮ್ಯಾಲೆ ಅದು ಖಾಲಿ ಇತ್ತು. ಆಗ ಕತ್ತರಿಸಬೇಕಿತ್ತು.”

“ದಾರಿ ಹೇಳ್ರಿ.”

ಮುದುಕ ಹೇಳಿದ. “ತಂತಿ ಒಬ್ಬರನ್ನೇ ಹಿಡೀತದ. ಕಡೀಗೆ ಅದರ ನೀರು ಕುಡಿದವರನ್ನ. ಮೊದಲಿನವರನ್ನ ಬಿಡ್ತದ. ಅವ್ವ ತಾನು ಕುಡೀತೀನಿ ಅಂತ ಅಣ್ಣನ ಕಾಲು ಹಿಡಿದಳು. ಅವ ಕೊಡಲಿಲ್ಲ. ಒಂದಿನ ಮಧ್ಯಾಹ್ನ ಎಲ್ಲಾರನ್ನೂ ಹೊರಗ ಕಳಿಸಿ, ತಂತಿ ಮ್ಯಾಲೆ ಕೈ ಇಟ್ಟು ಮಲಗಿಬಿಟ್ಟ.”

“ಪ್ರಸಾದ, ತೀನ್ ಕಂದೀಲಿಗೆ ನಡಿ.”

“ಅಕ್ಕಾ, ಮೊದಲು ದವಾಖಾನಿ...” ಎಂದ ಗೌತಮ.

“ನಾನು ಪರೀಕ್ಷೆ ಮಾಡಿ ನೋಡೀನಿ ಗೌತಮ.” ಅವಳ ದನಿ ಪಾಠ ಹೇಳುವಾಗಿನಷ್ಟೇ ಶಾಂತವಾಗಿತ್ತು. “ಒಂದೇ ಉತ್ತರ ಬರ್ತದ.”

ಭತ್ತದ ಗದ್ದೆಗಳು ಹಿಂದೆ ಸರಿದವು. ಧುಮ್. ರಸ್ತೆಯ ಗುಂಡಿ. ಕೈ ತಪ್ಪಿತು. ಮಗುವಿನ ಕುತ್ತಿಗೆ ವಾಲಿತು. ಧುಮ್. ಬೆರಳ ತುದಿಯ ಕಲ್ಲು ಒಡೆದು ರಕ್ತ ಜಿನುಗಿತು. ತಂತಿ ಜಾರಿತು. ಧುಮ್. “ಇಲ್ಲೇ ಇದೀನಿ ಕಂದಾ. ನನ್ನ ಜೋಡಿ ಉಸಿರಾಡು.” ಧುಮ್. ಧುಮ್.

ಅಂಗಡಿಯ ಬಾಗಿಲಲ್ಲಿ ಜಿಲಾನಿ ಪಾಷಾ ಪಕ್ಕದ ಚಹಾದ ಅಂಗಡಿಯ ಕೆಟಲ್ ಹಿಡಿದು ನಿಂತಿದ್ದ. ಅದರ ಬಾಯಿಂದ ಹಬೆ ಏಳುತ್ತಿತ್ತು. ಮಾತಾಡಲು ಹೊತ್ತಿರಲಿಲ್ಲ.

“ಬೆರಳು ತೆಗೀಬ್ಯಾಡ್ರಿ. ಸುಟ್ರೂ ತಡಕೊಳ್ರಿ.”

ಕುದಿನೀರು ದಪ್ಪ ತಂತಿಯ ಮೇಲೆ ಬಿತ್ತು. ಅವಳ ಬೆರಳುಗಳ ಮೇಲೆ ಬಿತ್ತು. ಅವಳು ತುಟಿ ಕಚ್ಚಿದಳು, ಮೀಟಿದಳು. ಚರ್ಮ ಬಿಳುಪಾಯಿತು. ಮೀಟಿದಳು. ಕೆಳಗೆ ಹಿಡಿದ ಲೋಟಕ್ಕೆ ಕರಿಗೆಂಪು ನೀರು ತೊಟ್ಟಿಕ್ಕಿತು. ಅದೇ ವಾಸನೆ. ಹರಳೆಣ್ಣೆ. ಸುಟ್ಟ ಕೂದಲು. ಗೌತಮ ಲೋಟವನ್ನು ಅವಳ ತುಟಿಗೆ ಹಿಡಿದ. ಅವಳು ಕುಡಿದಳು. ಕಬ್ಬಿಣದ ರುಚಿ. ಯಾರದೋ ಬೆವರಿನ ಉಪ್ಪು.

ಬೆರಳನ್ನು ತಂತಿಯಿಂದ ಎತ್ತಿದಳು.

ನಾದ ಕರಗಿತು. ಅಂಗಡಿಯ ಕತ್ತಲು ಕಿವಿಗೊಟ್ಟು ನಿಂತಿತು.

ಮೌನಿ ಉಸಿರೆಳೆದಳು. ಬಿಟ್ಟಳು. ಮತ್ತೆ ಎಳೆದಳು. ಆಮೇಲೆ ಜೋರಾಗಿ ಅಳತೊಡಗಿದಳು. ಸುಮಂಗಲಾಳಿಗೆ ಜೀವಮಾನದಲ್ಲಿ ಅಷ್ಟು ಇಂಪಾದ ದನಿ ಕೇಳಿದ ನೆನಪಿರಲಿಲ್ಲ. ಮಗಳಿಗೆ ಸಮಾಧಾನ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಮಾತಿಗೆ ಬೇಕಾದ ಗಾಳಿ ಒಳಗಿರಲಿಲ್ಲ. ಎದೆ ಮುಚ್ಚಿದ ಬಾಗಿಲಿನಂತೆ ಸುಮ್ಮನಿತ್ತು. ಸುಟ್ಟ ಬೆರಳು ತಾನಾಗಿಯೇ ತಂತಿಗೆ ಹೋಯಿತು.

ಧುಮ್.

ದೇವದುರ್ಗದ ಕಾರ್ಯಕ್ರಮ ನಡೆಯಲಿಲ್ಲ. ‘ಸೋನಾ ಮಸೂರಿ’ಯ ಅಭ್ಯಾಸ ಈಗ ಸುಮಂಗಲಾಳ ಮನೆಯ ನಡುಮನೆಯಲ್ಲೇ ನಡೆಯುತ್ತದೆ. ಎಚ್ಚರವಿದ್ದಾಗ ಅವಳೇ ಮೀಟಿಕೊಳ್ಳುತ್ತಾಳೆ. ನಿದ್ದೆ ಬಂದಾಗ ಪ್ರಸಾದ ಕೂರುತ್ತಾನೆ, ರಜೆ ಸಿಕ್ಕಾಗ ಗೌತಮ, ಇಬ್ಬರೂ ಇಲ್ಲದಾಗ ಜಪಮಣಿ ಎಣಿಸುವವಳಂತೆ ಯಮನಮ್ಮ. ಕರೆಂಟಿನ ಭಯಕ್ಕೆ ಬ್ಯಾಟರಿಯ ಆಂಪ್ಲಿಫೈಯರ್ ತಂದಿದ್ದಾರೆ. ಜಿಲಾನಿ ಪಾಷಾ ಆಗೀಗ ಬಸ್ಸಿನಲ್ಲಿ ಬಂದು ತಂತಿಯ ಮೇಲೆ ಟಾರ್ಚು ಬಿಟ್ಟು ನೋಡುತ್ತಾನೆ. ಕೆಳಗಡೆ ಮರಕ್ಕೆ ಸೇರುವಲ್ಲಿ ಅದರ ಸುತ್ತು ಒಂದಿಷ್ಟು ಬಿಚ್ಚಿಕೊಂಡಿದೆ. ಅಲ್ಲಿಗೆ ಬೆರಳು ತಾಕಿಸದೆ ಟಾರ್ಚು ಆರಿಸುತ್ತಾನೆ.

ಸೈಫುದ್ದೀನನಂತೆ ಎಲ್ಲರನ್ನೂ ಹೊರಗೆ ಕಳಿಸಿ ಮಲಗಿಬಿಡೋಣವೆಂದು ಅವಳಿಗೂ ಅನಿಸಿದ್ದುಂಟು. ಆಗೆಲ್ಲ ಶಾಲೆಯಿಂದ ಬರುವ ಮೌನಿಯ ಚಪ್ಪಲಿಯ ಸಪ್ಪಳ ಕೇಳಿಸುತ್ತದೆ.

ಮೊನ್ನೆ ಮಧ್ಯಾಹ್ನ ಅವಳು ಕಣ್ಣು ಬಿಟ್ಟಾಗ ನಾದ ಬೇರೆಯಾಗಿತ್ತು. ಹಗುರ, ಮೆತ್ತಗೆ, ಒಂದಿಷ್ಟೂ ತಾಳ ತಪ್ಪದೆ ಬರುತ್ತಿತ್ತು. ಯಮನಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಗಿಟಾರು ಚಾಪೆಯ ಮೇಲೆ ಅಂಗಾತ ಮಲಗಿತ್ತು. ಪಕ್ಕದಲ್ಲಿ ಸಮವಸ್ತ್ರವನ್ನೂ ಬಿಚ್ಚದ ಮೌನಿ, ತಾಯಿಯ ಎದೆಯ ಮೇಲೆ ಕಣ್ಣು ನೆಟ್ಟು, ಎರಡು ಬೆರಳಿನಿಂದ ಮೀಟುತ್ತಿದ್ದಳು.

“ಅಜ್ಜಿ ಮಲಗಿದ್ಲು ಅವ್ವಾ. ನಿನ್ನ ಉಸಿರು ಸಣ್ಣ ಆಗಿತ್ತು,” ಎಂದಳು ಮೀಟುತ್ತಲೇ. “ದಿನಾ ಅಜ್ಜಿ ಮಲಗಿದಾಗ ನಾನೇ ಮಾಡ್ತೀನಿ.”

ಸುಮಂಗಲಾ ಕೈ ಚಾಚಿ ತಂತಿಯನ್ನು ತಾನು ತೆಗೆದುಕೊಂಡಳು. ಮೌನಿ ತನ್ನ ಬೆರಳನ್ನು ತಾಯಿಯ ಕೆನ್ನೆಗೆ ಒತ್ತಿ, ಬಹುಮಾನ ತೋರಿಸುವವಳಂತೆ ನಕ್ಕಳು.

“ಮುಟ್ಟಿ ನೋಡು. ಗುಳ್ಳಿ ಹೋತು. ನಂದೂ ಗಟ್ಟಿ ಆಗ್ಯದ.”